ಪುಸ್ತಕಕ್ಕೊಂದು ದನಿ: ಉರ್ಸುಲಾ ಲೆ ಗ್ವಿನ್ ಅವರನ್ನು ಓದುವ ಬಗೆ

ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಮೂರು ಕಾದಂಬರಿಗಳನ್ನು ಓದಿದೆ. ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಹಿರಿಯರು ಹೇಳಿದ ಕತೆಯಂತೆ ಸರಾಗವಾಗಿ ಸಾಗಿತು. ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಚೇರಿಯ ವರದಿಯಂತೆ ಶುರುವಾಗಿ ಕೊನೆಗೆ ಕಣ್ಣು ತೇವ ಮಾಡಿತು. ‘ಲವಿನಿಯಾ’ವನ್ನಂತೂ ಬೇರೆ ಯಾರೋ ಬರೆದಿರಬೇಕು ಎನ್ನಿಸಿತು. ಇವರಿಗೆ ತಮ್ಮದೇ ಆದ ಶೈಲಿ ಎಂಬುದು ಇಲ್ಲವೇ? ಯುದ್ಧ, ಸಾಹಸಗಳಿಂದ ತುಂಬಿದ ದಪ್ಪ ದಪ್ಪ ಫ್ಯಾಂಟಸಿ ಸರಣಿಗಳಿಗೆ ಒಗ್ಗಿಹೋಗಿರುವ ನನ್ನಂಥವನು ಇವರನ್ನು ಹೇಗೆ ಓದಬೇಕು? ಮುಂದೆ ಯಾವುದನ್ನು ಕೈಗೆತ್ತಿಕೊಳ್ಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ದೂರಿನ ಧ್ವನಿ ಇದ್ದರೂ ನೀವು ಗಮನಿಸಿರುವುದು ಸರಿಯಾದ ಸಂಗತಿಯನ್ನೇ. ಲೆ ಗ್ವಿನ್ ಅವರ ಎರಡು ಪುಸ್ತಕಗಳನ್ನು ಲೇಖಕಿಯ ಹೆಸರು ಮುಚ್ಚಿ ಓದಲು ಕೊಟ್ಟರೆ, ಎರಡನ್ನೂ ಬರೆದವರು ಒಬ್ಬರೇ ಎಂದು ತಕ್ಷಣ ಹೇಳುವುದು ಕಷ್ಟ. ಹಲವು ವರ್ಷ ಪದವಿ ತರಗತಿಗಳಲ್ಲಿ ಇವರ ಕತೆಗಳನ್ನು ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯವೊಂದಿದೆ: ಇವರು ಮೊದಲು ಒಂದು ಲೋಕವನ್ನು ಕಟ್ಟಿ, ಆಮೇಲೆ ಅದನ್ನು ತಮ್ಮ ಶೈಲಿಯಲ್ಲಿ ವರ್ಣಿಸುವವರಲ್ಲ. ಆ ಲೋಕದ ಜನ ಹೇಗೆ ಮಾತಾಡುತ್ತಾರೆ, ಅಲ್ಲಿ ಕತೆ ಹೇಳುವ ಹಕ್ಕು ಯಾರಿಗಿದೆ, ಯಾವ ಮಾತನ್ನು ಬಾಯಿಬಿಟ್ಟು ಹೇಳಬಾರದು ಎಂಬುದನ್ನು ಮೊದಲು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಾರೆ. ಪುಸ್ತಕದ ಗದ್ಯ ಹುಟ್ಟುವುದು ಅಲ್ಲಿಂದ. ಹೀಗಾಗಿ ಇವರನ್ನು ಓದುವಾಗ ಕತೆ ಮುಂದೇನಾಗುತ್ತದೆ ಎಂಬುದಕ್ಕಿಂತ, ಈ ಕತೆಯನ್ನು ಯಾರು, ಯಾವ ಭಾಷೆಯಲ್ಲಿ ಹೇಳುತ್ತಿದ್ದಾರೆ ಎಂಬ ಕಡೆಗೆ ಗಮನ ಕೊಟ್ಟರೆ ಓದು ತಾನಾಗಿ ದಾರಿಗೆ ಬರುತ್ತದೆ.

ಇದಕ್ಕೆ ಅವರ ಮನೆಯ ವಾತಾವರಣವೂ ಕಾರಣವಿರಬೇಕು. ಲೆ ಗ್ವಿನ್ ಹುಟ್ಟಿದ್ದು 1929ರ ಅಕ್ಟೋಬರ್ 21ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ತಂದೆ ಆಲ್‌ಫ್ರೆಡ್ ಕ್ರೋಬರ್ ಅಮೆರಿಕದ ಮೊದಲ ಸಾಲಿನ ಮಾನವಶಾಸ್ತ್ರಜ್ಞರಲ್ಲಿ ಒಬ್ಬರು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ, ಕತೆ, ಆಚರಣೆಗಳನ್ನು ಬರೆದಿಡುವುದರಲ್ಲೇ ಬದುಕು ಸವೆಸಿದವರು. 1911ರಲ್ಲಿ ಯಾಹಿ ಬುಡಕಟ್ಟಿನ ಕೊನೆಯ ವ್ಯಕ್ತಿಯೊಬ್ಬ ಕಾಡಿನಿಂದ ಹೊರಬಂದಾಗ, ಅವನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ, ಏಕೆಂದರೆ ಅವನ ಜನರಲ್ಲಿ ತನ್ನ ಹೆಸರನ್ನು ತಾನೇ ಹೇಳುವ ಪದ್ಧತಿ ಇರಲಿಲ್ಲ. ಕ್ರೋಬರ್ ಅವನನ್ನು ‘ಇಶಿ’ ಎಂದು ಕರೆದರು. ಅವನ ಭಾಷೆಯಲ್ಲಿ ಅದರ ಅರ್ಥ ‘ಮನುಷ್ಯ’ ಎಂದಷ್ಟೇ. 1916ರಲ್ಲಿ ತೀರಿಕೊಂಡಾಗ ನಿಜವಾದ ಹೆಸರು ಅವನೊಂದಿಗೇ ಹೋಯಿತು. ಲೆ ಗ್ವಿನ್ ಹುಟ್ಟಿದ್ದು ಇದೆಲ್ಲ ಮುಗಿದು ಹದಿಮೂರು ವರ್ಷಗಳ ನಂತರ. ಆದರೆ ಅವನ ಬದುಕಿನ ಕುರಿತು 1961ರಲ್ಲಿ ಪುಸ್ತಕ ಬರೆದವರು ಅವರ ತಾಯಿ ಥಿಯೊಡೋರಾ ಕ್ರೋಬರ್. ಅದಾಗಿ ಕೆಲವೇ ವರ್ಷಗಳಲ್ಲಿ ಮಗಳು, ಪ್ರತಿಯೊಬ್ಬನಿಗೂ ಒಂದು ಗುಟ್ಟಿನ ನಿಜನಾಮವಿರುವ, ಅದನ್ನು ಪ್ರಾಣದಷ್ಟೇ ಜೋಪಾನ ಮಾಡುವ ಅರ್ತ್‌ಸೀ ಎಂಬ ದ್ವೀಪಸಮೂಹದ ಕತೆ ಬರೆದರು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೂ ಅರ್ತ್‌ಸೀಯ ಪುಟಗಳಲ್ಲಿ ಯಾರಾದರೂ ಇನ್ನೊಬ್ಬರಿಗೆ ತಮ್ಮ ನಿಜನಾಮ ಹೇಳುವ ಸನ್ನಿವೇಶ ಬಂದಾಗಲೆಲ್ಲ ನನಗೆ ಇಶಿಯ ನೆನಪಾಗದೆ ಇರುವುದಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ, ಹೇಳಲೇಬೇಕಾದಾಗ ಒಡಪು ಕಟ್ಟಿ ಹೇಳುತ್ತಿದ್ದ ನಮ್ಮ ಹಳೆಯ ತಲೆಮಾರಿನ ಹೆಂಗಸರನ್ನು ಕಂಡವರಿಗೆ, ಹೆಸರಿಗೆ ಇಷ್ಟೊಂದು ತೂಕ ಯಾಕೆ ಎಂದು ವಿವರಿಸುವ ಅಗತ್ಯವೂ ಬೀಳದು.

ನೀವು ಮೊದಲು ಓದಿದ ಪುಸ್ತಕದಿಂದಲೇ ಆರಂಭಿಸೋಣ. ‘ಎ ವಿಜರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಬಂತು. ಬರ್ಕ್ಲಿಯ ಪ್ರಕಾಶಕರೊಬ್ಬರು ಹದಿಹರೆಯದವರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಕೇಳಿದಾಗ, ಕತೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ ಆಗಿರುತ್ತಾರಲ್ಲ, ಗಡ್ಡ ಬರುವ ಮುಂಚೆ ಅವರು ಏನಾಗಿದ್ದರು, ಆ ವಿದ್ಯೆಯನ್ನು ಎಲ್ಲಿ ಕಲಿತರು ಎಂಬ ಯೋಚನೆಯಿಂದ ಇದು ಹುಟ್ಟಿತೆಂದು ಲೆ ಗ್ವಿನ್ ಹೇಳಿಕೊಂಡಿದ್ದಾರೆ. ಇದರ ಮೊದಲ ಪ್ಯಾರಾವನ್ನು ದಯವಿಟ್ಟು ಮತ್ತೊಮ್ಮೆ ತೆಗೆದು, ಗಟ್ಟಿಯಾಗಿ ಓದಿ. ಮೊದಲು ಬರುವುದು ಗಾಂಟ್ ಎಂಬ ದ್ವೀಪ. ಅದು ಸಮುದ್ರದಿಂದ ಎದ್ದು ನಿಂತ ಒಂಟಿ ಬೆಟ್ಟ. ಆ ನಾಡು ಮಾಂತ್ರಿಕರಿಗೆ ಹೆಸರಾದದ್ದು. ಅವರಲ್ಲೆಲ್ಲ ದೊಡ್ಡವನು ಒಬ್ಬನಿದ್ದ. ಅವನ ಮೇಲೆ ಹಾಡುಗಳಿವೆ. ಆದರೆ ಈ ಕತೆ ಆ ಹಾಡುಗಳು ಕಟ್ಟಿಕೊಳ್ಳುವ ಮುಂಚಿನದು. ಕಥಾನಾಯಕ ಗೆದ್ದು ದೊಡ್ಡವನಾಗುತ್ತಾನೆ ಎಂಬುದು ಮೊದಲ ಪುಟದಲ್ಲೇ ಬಯಲಾಗಿಬಿಟ್ಟಿತು. ನೀವು ಒಗ್ಗಿಕೊಂಡಿರುವ ಸರಣಿಗಳಲ್ಲಿ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂಬ ಆತಂಕವೇ ಪುಟ ತಿರುಗಿಸುವಂತೆ ಮಾಡುತ್ತದೆ. ಲೆ ಗ್ವಿನ್ ಇಲ್ಲಿ ಆ ಆತಂಕವನ್ನು ಬೇಕೆಂದೇ ಕೈಬಿಟ್ಟಿದ್ದಾರೆ. ಯಕ್ಷಗಾನದ ರಂಗಸ್ಥಳದ ಮುಂದೆ ಕುಳಿತವನಿಗೆ ಕರ್ಣ ಸಾಯುತ್ತಾನೆಂಬುದು ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಬೆಳಗಿನವರೆಗೆ ಕೂರುತ್ತಾನೆ. ಈ ಪುಸ್ತಕವೂ ಓದುಗನನ್ನು ಅಂಥ ಶ್ರೋತೃವಾಗಿ ಕೂರಿಸಿಕೊಳ್ಳುತ್ತದೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹುಡುಗ ಗೆಡ್ ತನ್ನ ಗುರು ಓಗಿಯನ್ ಜೊತೆ ನಡೆದುಹೋಗುವ ಭಾಗ. ಮಂತ್ರವಿದ್ಯೆ ಕಲಿಯುವ ಆತುರದಲ್ಲಿರುವ ಹುಡುಗನಿಗೆ ಗುರು ದಿನಗಟ್ಟಲೆ ಏನನ್ನೂ ಕಲಿಸುವಂತೆ ಕಾಣುವುದಿಲ್ಲ. ದಾರಿಯ ಬದಿಯಲ್ಲಿದ್ದ ಒಂದು ಕಳೆಗಿಡವನ್ನು ಕಂಡು ಗೆಡ್ ಅದರ ಉಪಯೋಗವೇನೆಂದು ಕೇಳಿದರೆ, ತನಗೆ ತಿಳಿದಂತೆ ಏನೂ ಇಲ್ಲ ಎಂದು ಓಗಿಯನ್ ಹೇಳುತ್ತಾನೆ. ಆ ಗಿಡವನ್ನು ಎಲ್ಲ ಋತುಗಳಲ್ಲೂ, ಬೇರು, ಎಲೆ, ಹೂವು, ವಾಸನೆ, ಬೀಜಗಳ ಸಮೇತ ಅರಿತ ಮೇಲೆ ಅದರ ನಿಜನಾಮವನ್ನು ಕಲಿಯಬಹುದು, ಅದು ಉಪಯೋಗಕ್ಕಿಂತ ದೊಡ್ಡದು ಎಂದು ವಿವರಿಸಿ, ಅಷ್ಟಕ್ಕೂ ನಿನ್ನ ಉಪಯೋಗವೇನು, ನನ್ನ ಉಪಯೋಗವೇನು, ಈ ಬೆಟ್ಟದ, ಆ ಕಡಲಿನ ಉಪಯೋಗವೇನು ಎಂದು ಮರುಪ್ರಶ್ನೆ ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ಮಳೆ ಬರುತ್ತದೆ. ಆ ನಾಡಿನ ಬೇರೆ ಮಾಂತ್ರಿಕರು ತಮ್ಮ ತಲೆಯ ಮೇಲಿನ ಮೋಡವನ್ನು ಮಂತ್ರ ಹಾಕಿ ಪಕ್ಕಕ್ಕೆ ತಳ್ಳುತ್ತಾರೆ, ಪಕ್ಕದವನು ಇನ್ನೂ ಆಚೆಗೆ ತಳ್ಳುತ್ತಾನೆ, ಕೊನೆಗೆ ಆ ಮೋಡ ಕಡಲಿನ ಮೇಲೆ ಹೋಗಿ ನೆಮ್ಮದಿಯಿಂದ ಸುರಿಯಬೇಕಾಗುತ್ತದೆ. ಓಗಿಯನ್ ಅದನ್ನು ಮಾಡುವುದಿಲ್ಲ. ಮಳೆಯನ್ನು ಅದರ ಪಾಡಿಗೆ ಬಿಟ್ಟು ದಟ್ಟವಾದ ಒಂದು ಮರದಡಿ ಮಲಗುತ್ತಾನೆ. ತೊಟ್ಟಿಕ್ಕುವ ಪೊದೆಗಳ ನಡುವೆ ಮುದುರಿ ಕುಳಿತ ಹುಡುಗನಿಗೆ, ಬಳಸಲಾರದಷ್ಟು ಜಾಣತನ ಬಂದುಬಿಟ್ಟರೆ ಶಕ್ತಿ ಇದ್ದು ಏನು ಪ್ರಯೋಜನ ಎಂದು ಸಿಟ್ಟು ಬರುತ್ತದೆ. ಎರಡು ಪುಟಗಳ ಈ ಸನ್ನಿವೇಶದಲ್ಲಿ ಯಾರೂ ಉಪದೇಶ ಕೊಡುವುದಿಲ್ಲ, ಮಳೆ ಮಾತ್ರ ಸುರಿಯುತ್ತದೆ. ಇಡೀ ಸರಣಿಯ ತಿರುಳು ಅಷ್ಟರಲ್ಲಿ ಬಂದುಹೋಗಿರುತ್ತದೆ. ಬಾಲ್ಯದಲ್ಲೇ ತಂದೆಯ ಕಪಾಟಿನಲ್ಲಿ ಕಂಡು ಮನಸೋತು, 1997ರಲ್ಲಿ ತಾವೇ ಇಂಗ್ಲಿಷಿಗೆ ತಂದ ಎಲ್ಲವನ್ನೂ ಅದರದರ ಪಾಡಿಗೆ ಬಿಡುವುದನ್ನು ಹೇಳುವ ಚೀನಾದ ಪ್ರಾಚೀನ ‘ದಾವ್ ದ ಜಿಂಗ್’ ಗ್ರಂಥದ ನೆರಳು ಇಲ್ಲಿ ಬಿದ್ದಿರುವುದನ್ನು ಕಾಣುವುದು ಕಷ್ಟವಲ್ಲ.

ಇದೇ ಸರಣಿಯ ಎರಡನೆಯ ಪುಸ್ತಕ ‘ದ ಟೂಂಬ್ಸ್ ಆಫ್ ಅಟುವಾನ್’ 1971ರದ್ದು. ಕಡಲು, ಗಾಳಿ, ದೋಣಿಗಳ ಆ ವಿಶಾಲವಾದ ಗದ್ಯ ಇಲ್ಲಿ ಮಾಯವಾಗಿದೆ. ಮರುಭೂಮಿಯ ನಡುವಿನ ಒಂದು ಪುರಾತನ ಪೂಜಾಸ್ಥಳಕ್ಕೆ ಐದು ವರ್ಷದ ಹುಡುಗಿಯನ್ನು ಅರ್ಚಕಿಯಾಗಿ ತಂದು, ಅವಳ ಟೆನಾರ್ ಎಂಬ ಹೆಸರನ್ನು ಕಿತ್ತುಕೊಂಡು, ‘ನುಂಗಲ್ಪಟ್ಟವಳು’ ಎಂಬ ಅರ್ಥದ ಅರ್ಹಾ ಎಂಬ ಹೆಸರಿಡುತ್ತಾರೆ. ಅವಳ ಅಧಿಕಾರಕ್ಕೆ ಒಳಪಟ್ಟ ನೆಲಮಾಳಿಗೆಯಲ್ಲಿ ದೀಪ ಹಚ್ಚುವುದು ನಿಷಿದ್ಧ. ಅವಳು ಅಲ್ಲಿನ ದಾರಿಗಳನ್ನು ಗೋಡೆ ತಡವಿ, ತಿರುವು ಎಣಿಸಿ, ಬಾಯಿಪಾಠ ಮಾಡಿ ಕಲಿಯುತ್ತಾಳೆ. ಓದುತ್ತಾ ಹೋದಂತೆ ನಮಗೂ ಕಣ್ಣಿನ ಕೆಲಸ ನಿಂತುಹೋಗಿ, ಬೆರಳು, ಪಾದ, ಕಿವಿಗಳೇ ಮುಂದಾಗುತ್ತವೆ, ಏಕೆಂದರೆ ಲೇಖಕಿ ಬಣ್ಣಗಳನ್ನೂ ದೂರದ ನೋಟಗಳನ್ನೂ ಬಿಟ್ಟು ಕಲ್ಲಿನ ತಣ್ಪು, ನೆಲದ ಇಳಿಜಾರು, ಗಾಳಿಯ ವಾಸನೆಗಳಿಂದಲೇ ವಾಕ್ಯ ಕಟ್ಟುತ್ತಾರೆ. ಒಂದು ದಿನ ಅಲ್ಲಿಗೆ ನುಗ್ಗಿದ ಅಪರಿಚಿತನ ಕೋಲಿನ ತುದಿಯಲ್ಲಿ ಬೆಳಕು ಹೊತ್ತಿಕೊಂಡಾಗ, ಅವಳು ಇಷ್ಟು ವರ್ಷ ಕತ್ತಲಲ್ಲಿ ಓಡಾಡಿದ ಆ ಗುಹೆ ಸ್ಫಟಿಕಗಳಿಂದ ಮಿನುಗುತ್ತಿರುವುದು ಮೊದಲ ಬಾರಿ ಕಾಣಿಸುತ್ತದೆ. ನೂರಾರು ಸಾಲುಗಳಷ್ಟು ಹೊತ್ತು ಕಣ್ಣು ಕಟ್ಟಿಸಿಕೊಂಡು ಬಂದ ಓದುಗನಿಗೂ ಆ ಬೆಳಕು ಅಷ್ಟೇ ಜೋರಾಗಿ ತಟ್ಟುತ್ತದೆ.

ಈ ರೀತಿ ಗದ್ಯವನ್ನು ಬದಲಿಸಿಕೊಳ್ಳುವುದರ ಹಿಂದೆ ಸ್ಪಷ್ಟವಾದ ವಿಚಾರವೂ ಇತ್ತು. 1973ರಲ್ಲಿ ಬರೆದ ‘ಫ್ರಮ್ ಎಲ್ಫ್‌ಲ್ಯಾಂಡ್ ಟು ಪೊಕೀಪ್ಸಿ’ ಎಂಬ ಪ್ರಬಂಧದಲ್ಲಿ ಅವರು ಆ ಕಾಲದ ಒಂದು ಫ್ಯಾಂಟಸಿ ಕಾದಂಬರಿಯ ಸಂಭಾಷಣೆಯನ್ನು ಎತ್ತಿಕೊಂಡು, ನಾಲ್ಕೇ ನಾಲ್ಕು ಪದಗಳನ್ನು ಬದಲಿಸಿ ತೋರಿಸುತ್ತಾರೆ. ಮಾಯಾಲೋಕದ ರಾಜಕುಮಾರರ ಮಾತು ಅಷ್ಟರಿಂದಲೇ ವಾಷಿಂಗ್ಟನ್ನಿನ ರಾಜಕಾರಣಿಗಳ ಮಾತಾಗಿಬಿಡುತ್ತದೆ. ಅಂದರೆ ಅದು ಮೊದಲಿಂದಲೂ ಮಾಯಾಲೋಕದ ಮಾತಾಗಿರಲೇ ಇಲ್ಲ, ಮೇಲೊಂದು ಕಿರೀಟ ಇಡಲಾಗಿತ್ತು ಅಷ್ಟೆ. ಫ್ಯಾಂಟಸಿಯಲ್ಲಿ ಲೇಖಕನ ಮಾತಿನ ಹೊರತು ಬೇರೆ ಆಧಾರವೇ ಇರುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಎಂದು ಬರೆದರೆ ಅದನ್ನು ಕಂಡ ಓದುಗ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ, ಆದರೆ ಗಾಂಟ್ ದ್ವೀಪವನ್ನು ಯಾರೂ ಕಂಡಿಲ್ಲ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರು ಒಮ್ಮೆ ಕಚೇರಿಯ ಮಾತಿಗೆ ಜಾರಿದರೆ ಸಾಕು, ಕೃಷ್ಣ ಅಲ್ಲಿಂದ ಎದ್ದುಹೋಗುತ್ತಾನೆ ಎಂಬುದು ನಮ್ಮ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು. ಹಾಗೆಂದು ‘ಹಳೆಯ ಭಾಷೆ’ಯ ಆಡಂಬರವನ್ನೂ ಲೆ ಗ್ವಿನ್ ಒಪ್ಪುವವರಲ್ಲ, ಅದೇ ಪ್ರಬಂಧದಲ್ಲಿ ಸುಳ್ಳು ಪ್ರಾಚೀನತೆಯ ಪದಗಳನ್ನು ಮೆತ್ತುವವರನ್ನೂ ಅವರು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅವರ ಸ್ವಂತ ವಾಕ್ಯಗಳಲ್ಲಿ ಬಹುಪಾಲು ಸಣ್ಣ, ಸಾದಾ, ದಿನಬಳಕೆಯ ಪದಗಳೇ ಇವೆ. ಗಾಂಭೀರ್ಯ ಬರುವುದು ಅವುಗಳ ಲಯದಿಂದ.

ಇನ್ನು ನಿಮ್ಮ ಎರಡನೆಯ ಪುಸ್ತಕ. 1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಅನ್ನು ವಿಜ್ಞಾನ ಕಾದಂಬರಿ ಎಂದು ವರ್ಗೀಕರಿಸುತ್ತಾರೆ. ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಅದಕ್ಕೆ ಬಂದವು. ವರದಿಯಂತೆ ಶುರುವಾಗುತ್ತದೆ ಎಂದಿರಿ, ಅದು ನಿಜಕ್ಕೂ ವರದಿಯೇ. ಗೆಥೆನ್ ಎಂಬ ಹಿಮದ ಗ್ರಹಕ್ಕೆ ಹೋದ ಗೆನ್ಲಿ ಐ ಎಂಬ ರಾಯಭಾರಿ ತನ್ನ ಮೇಲಿನವರಿಗೆ ಬರೆಯುವ ವರದಿ. ಆದರೆ ಆತ ಮೊದಲ ಸಾಲಿನಲ್ಲೇ, ಸತ್ಯ ಎನ್ನುವುದು ಕಲ್ಪನೆಗೆ ಸೇರಿದ್ದು ಎಂದು ತಾನು ಕಲಿತಿರುವುದರಿಂದ ಇದನ್ನು ಕತೆಯಂತೆ ಹೇಳುತ್ತೇನೆ ಎಂದುಬಿಡುತ್ತಾನೆ. ನಡುವೆ ಕತೆ ಎಲ್ಲೆಲ್ಲೋ ಹೋಗುತ್ತದೆ ಎಂದು ನಿಮಗೆ ಅನ್ನಿಸಿರಬಹುದಾದ ಅಧ್ಯಾಯಗಳು ಆ ಗ್ರಹದ ಜನಪದ ಕತೆಗಳು, ಸೃಷ್ಟಿಪುರಾಣ, ಹಿಂದೆ ಬಂದುಹೋದ ಸಂಶೋಧಕಿಯೊಬ್ಬಳ ಟಿಪ್ಪಣಿಗಳು, ಮತ್ತು ಎಸ್ಟ್ರಾವೆನ್ ಎಂಬ ಸ್ಥಳೀಯ ಮಂತ್ರಿಯ ದಿನಚರಿ. ಮಾನವಶಾಸ್ತ್ರಜ್ಞನ ಮಗಳು ಕಾದಂಬರಿಯನ್ನು ಕ್ಷೇತ್ರಕಾರ್ಯದ ಕಡತದಂತೆ ಜೋಡಿಸಿದ್ದಾರೆ. ಮರು ಓದಿನಲ್ಲಿ ಆ ಜನಪದ ಕತೆಗಳನ್ನು ಹಾರಿಸದೆ ಓದಿ. ಕೊನೆಯಲ್ಲಿ ನಿಮ್ಮ ಕಣ್ಣು ತೇವ ಮಾಡಿದ ಸಂಗತಿಗೆ ಬೇಕಾದ ನೆಲವನ್ನು ಅವು ಸದ್ದಿಲ್ಲದೆ ಹದ ಮಾಡಿಟ್ಟಿರುವುದು ಗೊತ್ತಾಗುತ್ತದೆ.

ಆ ಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಎರಡರಲ್ಲೊಂದಾಗುತ್ತಾರೆ. ಲೆ ಗ್ವಿನ್ ಅವರೆಲ್ಲರನ್ನೂ ಇಂಗ್ಲಿಷಿನ ಪುಲ್ಲಿಂಗ ಸರ್ವನಾಮದಿಂದಲೇ ಕರೆದರು, ಇದಕ್ಕಾಗಿ ಕಟುವಾದ ಟೀಕೆಯನ್ನೂ ಎದುರಿಸಿದರು. ಇಲ್ಲಿ ಕನ್ನಡದ ಓದುಗನಿಗೆ ಒಂದು ಸ್ವಾರಸ್ಯವಿದೆ. ಇದನ್ನು ಕನ್ನಡಕ್ಕೆ ತರಲು ಹೊರಟರೆ ಕ್ರಿಯಾಪದವೇ ಲಿಂಗವನ್ನು ಹೊತ್ತುಕೊಂಡಿರುತ್ತದೆ: ಎಸ್ಟ್ರಾವೆನ್ ಬಂದನೇ, ಬಂದಳೇ, ಬಂತೇ? ‘ಬಂದರು’ ಎಂದರೆ ಲಿಂಗದ ತೊಡಕು ನೀಗುತ್ತದೆ, ಆದರೆ ಗೌರವ ಬಂದು ಸೇರಿಕೊಳ್ಳುತ್ತದೆ. ಗೆನ್ಲಿಗೆ ಆರಂಭದಲ್ಲಿ ಎಸ್ಟ್ರಾವೆನ್ ಮೇಲೆ ನಂಬಿಕೆಯೇ ಇಲ್ಲ. ಆ ಅಪನಂಬಿಕೆ ಕರಗುವುದೇ ಕಾದಂಬರಿಯ ಕತೆ. ಮೊದಲ ಪುಟದಿಂದ ‘ಅವರು’ ಎಂದು ಮರ್ಯಾದೆ ಕೊಟ್ಟುಬಿಟ್ಟರೆ ಕೊನೆಗೆ ತಲುಪಬೇಕಾದ ಜಾಗವನ್ನು ಮೊದಲೇ ತಲುಪಿದಂತಾಗುತ್ತದೆ. ದಿನಚರಿಯ ಅಧ್ಯಾಯಗಳಿಗೆ ಮಾತ್ರ ಕನ್ನಡ ಹೇಳಿ ಮಾಡಿಸಿದ ಭಾಷೆ. ‘ನಾನು ಬಂದೆ, ನಾನು ನಡೆದೆ’ ಎನ್ನುವಲ್ಲಿ ನಮ್ಮಲ್ಲಿ ಹೆಣ್ಣು ಗಂಡೆಂಬ ಗುರುತೇ ಇಲ್ಲ. ಲೇಖಕಿಯೂ ಈ ಸಮಸ್ಯೆಯನ್ನು ಅಲ್ಲಿಗೇ ಬಿಡಲಿಲ್ಲ. ಇದೇ ಗ್ರಹದ ಮೇಲೆ ಬರೆದಿದ್ದ ‘ವಿಂಟರ್ಸ್ ಕಿಂಗ್’ ಎಂಬ ಕತೆಯನ್ನು 1975ರ ಸಂಕಲನಕ್ಕೆ ಸೇರಿಸುವಾಗ, ಅಲ್ಲಿನ ಎಲ್ಲರಿಗೂ ಸ್ತ್ರೀಲಿಂಗದ ಸರ್ವನಾಮ ಬಳಸಿ, ‘ರಾಜ’ ಎಂಬ ಪದವಿಯನ್ನು ಮಾತ್ರ ಹಾಗೆಯೇ ಉಳಿಸಿ ತಿದ್ದಿ ಬರೆದರು. ಸರ್ವನಾಮದ ಆಯ್ಕೆಯನ್ನು ಸಮರ್ಥಿಸಿಕೊಂಡು ಬರೆದಿದ್ದ ಪ್ರಬಂಧಕ್ಕೂ ವರ್ಷಗಳ ನಂತರ ತಾವೇ ಭಿನ್ನಮತದ ಟಿಪ್ಪಣಿಗಳನ್ನು ಸೇರಿಸಿ ಪ್ರಕಟಿಸಿದರು. ಹಳೆಯ ಪ್ರಬಂಧವನ್ನು ಅಳಿಸದೆ, ಅದರ ಪಕ್ಕದಲ್ಲೇ ತಿದ್ದುಪಡಿಯನ್ನು ಇಟ್ಟದ್ದು ನನಗೆ ಬಹಳ ಹಿಡಿಸಿದ ನಡತೆ.

ಭಾಷೆಯ ಮೂಲಕವೇ ಒಂದು ಸಮಾಜವನ್ನು ಕಾಣಿಸುವುದಕ್ಕೆ 1974ರ ‘ದ ಡಿಸ್‌ಪೊಸೆಸ್ಡ್’ ಇನ್ನೂ ತೀಕ್ಷ್ಣವಾದ ಉದಾಹರಣೆ. ಸರ್ಕಾರವೂ ಸ್ವಂತ ಆಸ್ತಿಯೂ ಇಲ್ಲದ ಬರಡು ಉಪಗ್ರಹವೊಂದರಲ್ಲಿ ಜನ ತಮಗೆಂದೇ ಕಟ್ಟಿಕೊಂಡ ಭಾಷೆಯಲ್ಲಿ, ಇದು ನನ್ನದು ಎಂದು ಹೇಳುವ ರೂಢಿಯೇ ಇಲ್ಲ. ಅಲ್ಲಿನ ಪುಟ್ಟ ಹುಡುಗಿಯೊಬ್ಬಳು ‘ನನ್ನ ಕರವಸ್ತ್ರ’ ಎನ್ನುವುದಿಲ್ಲ, ‘ನಾನು ಬಳಸುವ ಕರವಸ್ತ್ರ’ವನ್ನು ಹಂಚಿಕೊಳ್ಳಬಹುದು ಎನ್ನುತ್ತಾಳೆ. ಆ ಸಮಾಜದ ಸಂವಿಧಾನವನ್ನು ಹತ್ತು ಪುಟ ವಿವರಿಸಿದ್ದರೂ ಈ ಒಂದು ಮಾತು ಮಾಡುವ ಕೆಲಸವನ್ನು ಮಾಡುತ್ತಿರಲಿಲ್ಲ. ಕನ್ನಡದಲ್ಲೂ ‘ಹೊಂದಿರು’ ಎಂಬ ಪುಸ್ತಕದ ಪದವನ್ನು ಬಿಟ್ಟರೆ ಒಡೆತನ ಹೇಳಲು ಬೇರೆ ಕ್ರಿಯಾಪದ ಇಲ್ಲ. ‘ನನ್ನ ಹತ್ತಿರ ದುಡ್ಡಿದೆ’, ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂದೇ ಹೇಳುತ್ತೇವೆ. ದುಡ್ಡೂ ಮಕ್ಕಳೂ ತಮ್ಮ ಪಾಡಿಗೆ ತಾವು ಇರುತ್ತವೆ, ನಾವು ಅವುಗಳ ಹತ್ತಿರ ಇರುತ್ತೇವೆ. ಹೀಗಾಗಿ ಆ ಉಪಗ್ರಹದ ಮಾತು ನಮಗೆ ಪೂರ್ತಿ ಅಪರಿಚಿತವೆನ್ನಿಸುವುದಿಲ್ಲ. ಈ ಕಾದಂಬರಿಯ ಅಧ್ಯಾಯಗಳು ಒಮ್ಮೆ ಈ ಲೋಕದಲ್ಲಿ, ಒಮ್ಮೆ ಆ ಲೋಕದಲ್ಲಿ, ಒಮ್ಮೆ ಹಿಂದೆ, ಒಮ್ಮೆ ಮುಂದೆ ಎಂಬಂತೆ ಹೆಣೆದುಕೊಂಡಿವೆ. ಮೊದಲ ಐವತ್ತು ಪುಟ ತಾಳ್ಮೆ ಬೇಡುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಎಲ್ಲವೂ ಒಂದೇ ಎತ್ತರದಲ್ಲಿವೆ ಎಂದು ನಾನು ಹೇಳುವುದಿಲ್ಲ. ವಿಯೆಟ್ನಾಂ ಯುದ್ಧದ ಸಂಕಟದಲ್ಲಿ ಬರೆದ ‘ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ ಎಂಬ ಕಿರುಕಾದಂಬರಿಯಲ್ಲಿ ಖಳನಾದ ಸೇನಾಧಿಕಾರಿಗೆ ಕೆಟ್ಟತನವಲ್ಲದೆ ಬೇರೇನೂ ಇಲ್ಲ, ಅಲ್ಲಿ ಸಿಟ್ಟು ಕಲೆಯನ್ನು ಮೀರಿ ನಿಂತಿದೆ. ಅರ್ತ್‌ಸೀಯ ಮೂರನೆಯ ಪುಸ್ತಕ ‘ದ ಫಾರ್ದೆಸ್ಟ್ ಶೋರ್’ಗೆ 1973ರಲ್ಲಿ ಮಕ್ಕಳ ಸಾಹಿತ್ಯದ ನ್ಯಾಷನಲ್ ಬುಕ್ ಅವಾರ್ಡ್ ಬಂದಿದ್ದರೂ, ಅದರಲ್ಲಿ ಗೆಡ್ ಆಡುವ ಮಾತುಗಳು ಅಲ್ಲಲ್ಲಿ ಪ್ರವಚನಕ್ಕೆ ತಿರುಗುತ್ತವೆ, ಮಳೆಯಲ್ಲಿ ಸುಮ್ಮನೆ ಮಲಗಿದ ಓಗಿಯನ್‌ನ ಶಿಷ್ಯ ಇಷ್ಟೊಂದು ಮಾತಾಡಬೇಕಿತ್ತೇ ಎನ್ನಿಸುತ್ತದೆ. ಅದೇ ಪುಸ್ತಕದಲ್ಲಿ ಸತ್ತವರ ಒಣನಾಡಿನ ವರ್ಣನೆ ಮಾತ್ರ ಒಮ್ಮೆ ಓದಿದವರ ಮನಸ್ಸಿನಿಂದ ಅಳಿಸಿಹೋಗುವಂಥದ್ದಲ್ಲ. ಪ್ರೀತಿಸಿ ಬದುಕಿದವರು ಅಲ್ಲಿ ಬೀದಿಯಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಗುರುತಿಸದೆ ದಾಟಿಹೋಗುತ್ತಾರೆ.

ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ನೀವಿನ್ನೂ ಓದದಿರುವ ‘ತೆಹಾನು’ ಬಳಿ. ಮೂರನೆಯ ಪುಸ್ತಕ ಬಂದು ಹದಿನೆಂಟು ವರ್ಷಗಳ ಮೇಲೆ, 1990ರಲ್ಲಿ, ಲೆ ಗ್ವಿನ್ ಅರ್ತ್‌ಸೀಗೆ ಮರಳಿದರು. ಮೊದಲ ಪುಸ್ತಕದಲ್ಲಿ, ಹೆಂಗಸರ ಮಾಟ ದುರ್ಬಲ, ಹೆಂಗಸರ ಮಾಟ ಕೇಡಿನದು ಎಂಬ ಅರ್ಥದ ಗಾದೆಗಳು ಬರುತ್ತವೆ. ಮಾಂತ್ರಿಕರ ಶಾಲೆಯಲ್ಲಿ ಹುಡುಗಿಯರಿಗೆ ಪ್ರವೇಶವೇ ಇಲ್ಲ. ಬರೆಯುವಾಗ ತಾವೂ ಅದನ್ನು ಪ್ರಶ್ನಿಸಿರಲಿಲ್ಲ ಎಂಬುದನ್ನು ಕಂಡುಕೊಂಡ ಲೇಖಕಿ, ಲೋಕವನ್ನು ಬದಲಿಸದೆ, ನೋಡುವ ಜಾಗವನ್ನು ಬದಲಿಸಿದರು. ನೆಲಮಾಳಿಗೆಯ ಆ ಹುಡುಗಿ ಟೆನಾರ್ ಈಗ ನಡುವಯಸ್ಸಿನ ರೈತ ವಿಧವೆ. ಬೆಂಕಿಗೆ ತಳ್ಳಲ್ಪಟ್ಟು ಅರ್ಧ ಮುಖ ಸುಟ್ಟುಹೋದ ಒಂದು ಮಗುವನ್ನು ಸಾಕುತ್ತಿದ್ದಾಳೆ. ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು, ನಾಚಿಕೆಯಿಂದ ಕುಗ್ಗಿ ಮನೆಗೆ ಮರಳುತ್ತಾನೆ. ಹಾಡುಗಬ್ಬದಂತಿದ್ದ ಗದ್ಯ ಇಲ್ಲಿ ಅಡುಗೆಮನೆಗೆ ಬಂದಿದೆ: ಆಡಿನ ಹಾಲು, ನೂಲು, ತೂತುಬಿದ್ದ ಬಟ್ಟೆ, ರಾತ್ರಿ ಬಾಗಿಲಿಗೆ ಅಗುಳಿ ಹಾಕಿತ್ತೋ ಇಲ್ಲವೋ ಎಂಬ ಭಯ. ಕಡಲಿನಿಂದ ಮನೆಗೆ ಬಂದ ಟೆನಾರಳ ಮಗ ಉಂಡ ತಟ್ಟೆಯನ್ನು ಎತ್ತಿಡುವುದಿಲ್ಲ. ಅದು ಹೆಂಗಸರ ಕೆಲಸ ಎನ್ನುತ್ತಾನೆ. ಒಂದು ಕಾಲದಲ್ಲಿ ಮಹಾಮಾಂತ್ರಿಕನಾಗಿದ್ದ ಗೆಡ್ ತಾನೇ ಪಾತ್ರೆ ತೊಳೆದಿಡುವವನು. ಮಗನನ್ನು ಬೆಳೆಸುವುದರಲ್ಲಿ ತಾನು ಎಡವಿದೆನೆಂದು ಆ ತಾಯಿಗೆ ಅರಿವಾಗುವುದು ಅಲ್ಲಿ. ಡ್ರ್ಯಾಗನ್‌ಗಳು ಹಾರಾಡುವ ಲೋಕದಲ್ಲಿ ಒಂದು ಎಂಜಲು ತಟ್ಟೆಗೆ ಇಷ್ಟು ತೂಕ ಬರಲು ಸಾಧ್ಯವಾದದ್ದು, ಹಿಂದಿನ ಮೂರು ಪುಸ್ತಕಗಳು ನಮ್ಮ ಬೆನ್ನ ಹಿಂದೆ ಇರುವುದರಿಂದ. ಹಳೆಯ ಓದುಗರಲ್ಲಿ ಕೆಲವರು ಇದರಿಂದ ಸಿಟ್ಟಾದರು. ತಮ್ಮ ವೀರನನ್ನು ಲೇಖಕಿ ಕುಬ್ಜನನ್ನಾಗಿಸಿದರು ಎಂದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಯನ್ನು ಅದರ ಪಾಡಿಗೆ ಬಿಟ್ಟ ಗುರುವಿನ ಪಾಠವನ್ನು ಗೆಡ್ ಕೊನೆಗೂ ಕಲಿತದ್ದು ಈ ಪುಸ್ತಕದಲ್ಲಿಯೇ ಎಂಬುದು ನನ್ನ ಎಣಿಕೆ.

‘ಲವಿನಿಯಾ’ 2008ರದ್ದು, ಅವರ ಕೊನೆಯ ಕಾದಂಬರಿ. ರೋಮನ್ ಕವಿ ವರ್ಜಿಲನ ‘ಈನಿಯಡ್’ ಮಹಾಕಾವ್ಯದಲ್ಲಿ ಈನಿಯಸ್‌ನ ಕೈಹಿಡಿಯುವ ಲವಿನಿಯಾ ಎಂಬ ರಾಜಕುಮಾರಿಗಾಗಿ ಯುದ್ಧವೇ ನಡೆದುಹೋಗುತ್ತದೆ, ಆದರೆ ಅವಳು ಇಡೀ ಕಾವ್ಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಕೆನ್ನೆ ಕೆಂಪಾಗುವುದು, ಕೂದಲಿಗೆ ಬೆಂಕಿ ಹತ್ತಿದಂತೆ ಕಾಣುವ ಶಕುನ, ಇಷ್ಟೇ ಅವಳ ಪಾಲು. ಲೆ ಗ್ವಿನ್ ಅವಳಿಂದಲೇ ಕತೆ ಹೇಳಿಸುತ್ತಾರೆ. ಸಾಯುತ್ತಿರುವ ಕವಿಯ ನೆರಳು ಕಾಡಿನ ಪವಿತ್ರ ಸ್ಥಳವೊಂದರಲ್ಲಿ ತಾನು ಸೃಷ್ಟಿಸಿದ ಪಾತ್ರವನ್ನೇ ಭೇಟಿಯಾಗಿ, ನಿನ್ನನ್ನು ನಾನು ಸರಿಯಾಗಿ ಕಾಣಲಿಲ್ಲವಲ್ಲ ಎಂದು ಪರಿತಪಿಸುವ ಪುಟಗಳು ಅತ್ಯಂತ ಕೋಮಲವಾಗಿವೆ. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ಮಮತೆಯನ್ನು ಕಂಡವರಿಗೆ, ಮಹಾಕಾವ್ಯವನ್ನು ದೂಷಿಸದೆ ಅದರೊಳಗಿಂದಲೇ ಹೀಗೆ ಹೊಸ ದಾರಿ ತೆಗೆಯುವ ಕ್ರಮ ಪರಿಚಿತವೇ. ಈ ಪುಸ್ತಕದ ಗದ್ಯ ಶಾಂತವಾಗಿ, ಮನೆಯ ಹಿರಿಯ ಹೆಣ್ಣುಮಗಳು ಪೂಜೆಗೆ ಅಣಿಮಾಡುವ ಗತಿಯಲ್ಲಿ ನಡೆಯುತ್ತದೆ. ಉಪ್ಪು ಕುಟ್ಟುವುದು, ಒಲೆಯ ದೇವತೆಗೆ ಹಿಟ್ಟು ಅರ್ಪಿಸುವುದು ಮುಂತಾದ ಕೆಲಸಗಳ ನಡುವೆ ಯುದ್ಧದ ಸುದ್ದಿ ಬರುತ್ತದೆ. ನೀವು ಇದನ್ನು ಸ್ವಲ್ಪ ಬೇಗ ಓದಿಬಿಟ್ಟಿರೆಂದು ಕಾಣುತ್ತದೆ. ‘ತೆಹಾನು’ ಆದ ಮೇಲೆ ಮತ್ತೆ ಓದಿದರೆ, ಸಂಬಂಧವೇ ಇಲ್ಲ ಎನ್ನಿಸಿದ್ದ ಈ ಪುಸ್ತಕ ಟೆನಾರಳ ಅಡುಗೆಮನೆಯ ಪಕ್ಕದ ಕೋಣೆಯೇ ಎಂಬುದು ಕಾಣಿಸುತ್ತದೆ.

ಹಾಗಾದರೆ ಎಲ್ಲ ಪುಸ್ತಕಗಳಲ್ಲೂ ಬದಲಾಗದೆ ಉಳಿಯುವುದು ಏನು ಎಂದು ನೀವು ಕೇಳಬಹುದು. ಶಕ್ತಿ ಇದ್ದೂ ಅದನ್ನು ಬಳಸದೆ ಕೈತಡೆಯುವವರ ಮೇಲೆ ಇವರಿಗಿರುವ ಗೌರವ ಎಲ್ಲೆಡೆ ಇದೆ. ಹೊರಟವರು ಮನೆಗೆ ಮರಳುವುದನ್ನೇ ದೊಡ್ಡ ಪ್ರಯಾಣವೆಂದು ತಿಳಿಯುವುದು ಅರ್ತ್‌ಸೀಯಲ್ಲೂ ಇದೆ, ‘ದ ಡಿಸ್‌ಪೊಸೆಸ್ಡ್’ನಲ್ಲೂ ಇದೆ. ಕಥಾನಾಯಕರ ಮೈಬಣ್ಣವನ್ನೂ ಗಮನಿಸಿ. ಗೆಡ್ ತಾಮ್ರವರ್ಣದವನು, ಅವನ ಗೆಳೆಯ ವೆಚ್ ಕಪ್ಪು ಬಣ್ಣದವನು, ಗೆನ್ಲಿಯೂ ಕಪ್ಪು ಮೈಯವನೇ. 1968ರ ಹೊತ್ತಿನ ಇಂಗ್ಲಿಷ್ ಫ್ಯಾಂಟಸಿಯಲ್ಲಿ ಇದು ಅಪರೂಪವಾಗಿತ್ತು. ಲೇಖಕಿ ಅದನ್ನು ಘೋಷಣೆ ಮಾಡದೆ, ಕೆಲವು ಪುಟ ಕಳೆದ ಮೇಲೆ ಸಹಜವಾಗಿ ಒಂದು ಮಾತಿನಲ್ಲಿ ತಿಳಿಸುತ್ತಾರೆ. 2004ರಲ್ಲಿ ಅರ್ತ್‌ಸೀಯನ್ನು ಟೆಲಿವಿಷನ್ನಿಗೆ ತಂದವರು ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದಾಗ ಲೆ ಗ್ವಿನ್ ಬಹಿರಂಗವಾಗಿ ಪ್ರತಿಭಟಿಸಿ ಬರೆದರು.

ಹೇಗೆ ಓದಬೇಕು ಎಂಬುದಕ್ಕೆ ನನ್ನ ಸಲಹೆ ಒಂದೇ: ಗಟ್ಟಿಯಾಗಿ ಓದಿ. ‘ಸ್ಟಿಯರಿಂಗ್ ದ ಕ್ರಾಫ್ಟ್’ ಎಂಬ ಬರವಣಿಗೆಯ ಕೈಪಿಡಿಯಲ್ಲಿ ಅವರು ಮೊದಲ ಪಾಠವನ್ನು ವಾಕ್ಯದ ಸದ್ದಿಗೇ ಮೀಸಲಿಟ್ಟಿದ್ದಾರೆ. ವಿಶೇಷಣ, ಕ್ರಿಯಾವಿಶೇಷಣಗಳನ್ನು ಪೂರ್ತಿ ತೆಗೆದು ಒಂದು ಪುಟ ಬರೆಯಿರಿ ಎಂಬ ಅಭ್ಯಾಸವೂ ಅದರಲ್ಲಿದೆ; ಅದನ್ನು ಕನ್ನಡದಲ್ಲಿ ಮಾಡಿಸಿದಾಗ ನನ್ನ ವಿದ್ಯಾರ್ಥಿಗಳ ಬರವಣಿಗೆ ಎಷ್ಟು ಚುರುಕಾಯಿತೆಂಬುದನ್ನು ನಾನೇ ಕಂಡಿದ್ದೇನೆ. ಒಂದು ಸಂಜೆಗೆ ಒಂದೇ ಅಧ್ಯಾಯ ಸಾಕು. ಇವು ರಾತ್ರಿ ಬೆಳಗಾಗುವವರೆಗೆ ಎಳೆದೊಯ್ಯುವ ಪುಸ್ತಕಗಳಲ್ಲ, ಹಾಗೆ ಓದಿದರೆ ಮೌನದ ಜಾಗಗಳೆಲ್ಲ ಕೈತಪ್ಪುತ್ತವೆ.

ಮುಂದಿನ ಓದಿಗೆ ಮೊದಲು ‘ದ ಟೂಂಬ್ಸ್ ಆಫ್ ಅಟುವಾನ್’ ತೆಗೆದುಕೊಳ್ಳಿ, ಆಮೇಲೆ ‘ದ ಫಾರ್ದೆಸ್ಟ್ ಶೋರ್’, ಅದಾದ ಮೇಲೆ ಒಂದಿಷ್ಟು ದಿನ ಬಿಡುವು ಕೊಟ್ಟು ‘ತೆಹಾನು’. ಲೇಖಕಿಯೇ ಹದಿನೆಂಟು ವರ್ಷ ಕಾದಿದ್ದಾರೆ, ನಾವು ಒಂದು ತಿಂಗಳಾದರೂ ಕಾಯಬಹುದು. ನಡುವೆ ಸಮಯ ಸಿಕ್ಕಾಗ 1973ರ ಸಣ್ಣಕತೆ ‘ದ ಒನ್ಸ್ ಹೂ ವಾಕ್ ಅವೇ ಫ್ರಮ್ ಒಮೆಲಾಸ್’ ಓದಿ. ಒರೆಗಾನ್ ರಾಜ್ಯದ ಸೇಲಂ ಪಟ್ಟಣದ ಫಲಕವನ್ನು ಕಾರಿನ ಕನ್ನಡಿಯಲ್ಲಿ ತಿರುಗಾಮುರುಗಾ ಓದಿದಾಗ ಹುಟ್ಟಿದ ಹೆಸರು ಅದು. ಇಡೀ ಊರಿನ ಸುಖ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ಸಂಕಟದ ಮೇಲೆ ನಿಂತಿರುವ ಆ ಕತೆಯಲ್ಲಿ, ನಿರೂಪಕಿ ಆ ಊರನ್ನು ನಿಮಗೆ ಬೇಕಾದಂತೆ ಕಲ್ಪಿಸಿಕೊಳ್ಳಿ ಎಂದು ಓದುಗನ ಕೈಗೇ ಕೊಡುತ್ತಾಳೆ. ನೀವು ನಿಮಗಿಷ್ಟವಾದ ಹಬ್ಬ, ಮೆರವಣಿಗೆ, ವಾದ್ಯಗಳನ್ನೆಲ್ಲ ಆ ಊರಿನಲ್ಲಿ ಇಟ್ಟು ಮುಗಿಸಿದ ಮೇಲೆ ನೆಲಮಾಳಿಗೆಯ ಬಾಗಿಲು ತೆರೆಯುತ್ತದೆ. ಅಷ್ಟೊತ್ತಿಗೆ ಅದು ನೀವೇ ಕಟ್ಟಿದ ಊ‌ರಾಗಿರುತ್ತದೆ.